ಫೋಟೋದ ಹಿಂಬದಿ

ಹಳೆಯ ಸಿನಿಮಾಗಳ ಸ್ಟಿಲ್ಲು, ತುಣುಕುಗಳನ್ನು ಕೂಡಿಹಾಕಿ ಮೊಬೈಲಿನಲ್ಲಿ ಹಂಚುವವರಿಗೆ ನಮ್ಮ ತುಮಕೂರು ಸೀಮೆಯಲ್ಲಿ ಈಗ ಒಳ್ಳೆಯ ಹೆಸರಿದೆ. ಗುಬ್ಬಿ ವೀರಣ್ಣನವರ ಒಂದು ಮಾಸಿದ ಫೋಟೋ ಬೆಳಗ್ಗೆ ಗುಬ್ಬಿಯಲ್ಲಿ ಹೊರಟರೆ ಮಧ್ಯಾಹ್ನದೊಳಗೆ ಕುಣಿಗಲ್ ದಾಟಿ ಬೆಂಗಳೂರು ಸೇರಿರುತ್ತದೆ. ‘ನಮ್ಮ ಸಿನಿಮಾವನ್ನು ಉಳಿಸಿದವರು ಇವರೇ’ ಎಂಬ ಮಾತು ಅದರ ಜೊತೆಗೇ ಬರುತ್ತದೆ. ಈ ‘ಉಳಿಸಿದರು’ ಎಂಬ ಕ್ರಿಯಾಪದವನ್ನು ನಾನು ಒಪ್ಪಲಾರೆ. ಹಂಚುವುದು ಬೇರೆ, ಉಳಿಸುವುದು ಬೇರೆ. ಇವತ್ತು ನಡೆಯುತ್ತಿರುವ ಹಂಚಿಕೆಯ ಬಹುಪಾಲು, ಉಳಿದದ್ದನ್ನೂ ಅನಾಥ ಮಾಡುತ್ತಿದೆ.

ವೀರಣ್ಣನವರ ಗುಬ್ಬಿ ನಾಟಕ ಕಂಪನಿಯ ಕತೆಯನ್ನು ಇಲ್ಲಿನ ಓದುಗರಿಗೆ ಮತ್ತೆ ಹೇಳಬೇಕಿಲ್ಲ. 1931ರ ಮೂಕಿಚಿತ್ರ ‘ಹಿಸ್ ಲವ್ ಅಫೇರ್’, ಮರುವರ್ಷದ ‘ಹರಿಮಾಯಾ’ ಇವು ನೋಡಲು ಸಿಗದೆ ಹೋಗಿವೆ. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಇಲ್ಲ. ಸಿನಿಮಾವೇ ಇಲ್ಲವಾದ ಮೇಲೆ ಸ್ಟಿಲ್ಲೇ ಸಾಕ್ಷಿ. ಆ ಸಾಕ್ಷಿ ಎಷ್ಟು ಗಟ್ಟಿ ಎಂಬುದು ನನ್ನ ತಕರಾರಿನ ಮೂಲ.

ಒಂದೇ ಒಂದು ಚಿತ್ರವನ್ನು ತೆಗೆದುಕೊಳ್ಳುತ್ತೇನೆ. ಬಿಲ್ಲು ಹಿಡಿದು ನಿಂತ ಬೇಡ, ಕೊರಳಲ್ಲಿ ಮಣಿಸರ, ದಿಟ್ಟ ನೋಟ: ಎಳೆಯ ರಾಜ್‌ಕುಮಾರ್. ಅಡಿಬರಹ: ‘ಬೇಡರ ಕಣ್ಣಪ್ಪ, 1954’. ಗುಬ್ಬಿ ವೀರಣ್ಣನವರ ಸಂಸ್ಥೆ ಎವಿಎಂ ಜೊತೆ ಸೇರಿ ತಯಾರಿಸಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಚಿತ್ರ. ಕಂಪನಿಯ ಹುಡುಗ ಮುತ್ತುರಾಜ ರಾಜ್‌ಕುಮಾರ್ ಆದದ್ದು ಇಲ್ಲಿ. ನಮ್ಮ ಜಿಲ್ಲೆಯ ಅಭಿಮಾನಕ್ಕೆ ಇದಕ್ಕಿಂತ ದೊಡ್ಡ ಪಟ ಇಲ್ಲ. ಆದರೆ ಅದು ‘ಬೇಡರ ಕಣ್ಣಪ್ಪ’ದ್ದೇ ಎಂದು ಹೇಳಿದವರು ಯಾರು?

ಪ್ರಶ್ನೆ ವಿತಂಡವಲ್ಲ. ಅದೇ 1954ರಲ್ಲಿ ಅದೇ ಸಿಂಹ ಅದೇ ಕತೆಯನ್ನು ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಎಂದು ತೆಗೆದರು. ಅಲ್ಲೂ ಬೇಡನಾಗಿ ನಟಿಸಿದವರು ರಾಜ್‌ಕುಮಾರ್. ಕನ್ನಡದಾಚೆ ಅವರು ನಾಯಕರಾಗಿ ನಟಿಸಿದ ಒಂದೇ ಚಿತ್ರ ಅದು. ಅದೇ ಮುಖ, ಅದೇ ವಯಸ್ಸು, ಅದೇ ಬಿಲ್ಲು. ಪಕ್ಕದಲ್ಲಿ ಪಂಡರೀಬಾಯಿ ಇದ್ದರೆ ಕನ್ನಡದ್ದು, ಮಾಲತಿ ಇದ್ದರೆ ತೆಲುಗಿನದ್ದು. ಅರ್ಚಕನ ವೇಷದಲ್ಲಿ ಜಿ.ವಿ. ಅಯ್ಯರ್ ಕಂಡರೆ ನಮ್ಮದು, ಮುದಿಗೊಂಡ ಲಿಂಗಮೂರ್ತಿ ಕಂಡರೆ ಅವರದು. ಒಬ್ಬನೇ ನಿಂತಿದ್ದರೆ? ಹೇಳುವ ಗುರುತು ಚಿತ್ರದ ಮುಂಬದಿಯಲ್ಲಿಲ್ಲ.

ಸಿನಿಮಾ ಹಾಕಿಕೊಂಡು ಹೋಲಿಸಿ ನೋಡಿದರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಆಗುವುದಿಲ್ಲ. ಸ್ಟಿಲ್ಲು ಎಂದರೆ ಸಿನಿಮಾದೊಳಗಿನ ಒಂದು ಫ್ರೇಮು ಎಂಬ ತಪ್ಪು ತಿಳಿವಳಿಕೆ ಈ ಹಂಚಿಕೆಯ ಉದ್ದಕ್ಕೂ ಇದೆ. ಶಾಟ್ ಓಕೆ ಆದ ಮೇಲೆ ಸ್ಟಿಲ್ ಫೋಟೋಗ್ರಾಫರ್ ಬೇರೆ ಕ್ಯಾಮೆರಾ ತಂದು, ನಟರನ್ನು ಇನ್ನೊಮ್ಮೆ ನಿಲ್ಲಿಸಿ, ತನಗೆ ಬೇಕಾದ ಬೆಳಕಿನಲ್ಲಿ ತೆಗೆದದ್ದು ಸ್ಟಿಲ್ಲು. ಅದು ಥಿಯೇಟರಿನ ಗಾಜಿನ ಪೆಟ್ಟಿಗೆಗೆ, ಪತ್ರಿಕೆಗೆ, ಹಾಡಿನ ಪುಸ್ತಕದ ಹೊದಿಕೆಗೆ. ಎಷ್ಟೋ ಸ್ಟಿಲ್ಲುಗಳ ಭಂಗಿ ಸಿನಿಮಾದಲ್ಲಿ ಬರುವುದೇ ಇಲ್ಲ. ಆದ್ದರಿಂದ ಅದರ ಗುರುತು ಇರುವುದು ಒಂದೇ ಕಡೆ: ಕಾಗದದ ಹಿಂಬದಿಯಲ್ಲಿ. ಸ್ಟುಡಿಯೋದ ರಬ್ಬರ್ ಸ್ಟಾಂಪು, ಪೆನ್ಸಿಲಿನಲ್ಲಿ ಬರೆದ ಚಿತ್ರದ ಹೆಸರು, ವಿತರಕರ ಊರು. ನಮ್ಮವರು ಸ್ಕ್ಯಾನ್ ಮಾಡುವುದು ಮುಂಬದಿಯನ್ನು ಮಾತ್ರ. ಹಿಂಬದಿಯನ್ನೂ ಹಂಚಿದ ಒಬ್ಬರನ್ನು ನಾನು ಈವರೆಗೆ ಕಂಡಿಲ್ಲ. ಅಷ್ಟೇ ಅಲ್ಲ, ಮೂಲೆಯಲ್ಲಿದ್ದ ಫೋಟೋಗ್ರಾಫರನ ಮುದ್ರೆಯನ್ನು ಕತ್ತರಿಸಿ, ಅದೇ ಜಾಗದಲ್ಲಿ ಸಂಗ್ರಾಹಕನ ಹೆಸರು ಒತ್ತಿದ ಚಿತ್ರಗಳು ಕಣ್ಣೆದುರೇ ಓಡಾಡುತ್ತಿವೆ. ತೆಗೆದವನ ಹೆಸರು ಅಳಿಸಿ ಇಟ್ಟುಕೊಂಡವನ ಹೆಸರು ಬರೆಯುವುದಕ್ಕೆ ಉಳಿಸುವುದು ಎನ್ನುತ್ತಾರೆಯೇ?

ಇತ್ತೀಚೆಗೆ ಅದೇ ಬೇಡನಿಗೆ ಬಣ್ಣ ಬಂದಿದೆ. ಕಂಪ್ಯೂಟರು ಮೈಗೆ ಗೋಧಿ ಬಣ್ಣ, ಮಣಿಸರಕ್ಕೆ ಕೆಂಪು, ಹಿಂದಿನ ಕಾಡಿಗೆ ಹಸಿರು ತುಂಬಿದೆ. ಕಪ್ಪುಬಿಳುಪು ಫಿಲ್ಮಿನಲ್ಲಿ ಕೆಂಪೂ ಹಸಿರೂ ಒಂದೇ ಬೂದಿ ಬಣ್ಣವಾಗಿ ಬೀಳಬಹುದು. ಬೂದಿಯಿಂದ ಮರಳಿ ಬಣ್ಣಕ್ಕೆ ಹೋಗುವ ದಾರಿ ಇಲ್ಲ. ಅಲ್ಲಿರುವುದು ಊಹೆ. ಆ ಕಾಲದ ಮೇಕಪ್ಪು, ಬಟ್ಟೆ ಎಲ್ಲವನ್ನೂ ಬೂದಿಯ ಹದಕ್ಕೇ ಆರಿಸುತ್ತಿದ್ದರು. ಆ ಹದವೇ ಛಾಯಾಗ್ರಾಹಕನ ಕಸುಬು. ಅದರ ಮೇಲೆ ಬಣ್ಣ ಬಳಿದು ‘ಜೀವ ತುಂಬಿದೆವು’ ಎನ್ನುವವರು, ಇದ್ದ ಜೀವವನ್ನು ನೋಡಿಯೇ ಇಲ್ಲ.

ತುಣುಕುಗಳ ಪಾಡು ಇನ್ನೂ ಕಷ್ಟದ್ದು. ಕಣ್ಣು ಕಿತ್ತು ಕೊಡುವ ಪ್ರಸಂಗ ಹೆಚ್ಚು ಓಡಾಡುತ್ತದೆ. ಆ ಕತೆಯ ಬಿಗಿ ಇರುವುದು ಇಬ್ಬರ ನಡುವಿನ ಅಂತರದಲ್ಲಿ: ಇತ್ತ ಭಕ್ತ, ಅತ್ತ ರಕ್ತ ಸುರಿಸುವ ಲಿಂಗ. ಆ ಕಾಲದ ತೆರೆಯ ಅಗಲ ಎತ್ತರಕ್ಕಿಂತ ಸ್ವಲ್ಪವೇ ಹೆಚ್ಚು, 1.37ಕ್ಕೆ 1. ಅದನ್ನು ಮೊಬೈಲಿನ ಉದ್ದನೆಯ ಪರದೆ ತುಂಬುವಂತೆ ಕತ್ತರಿಸಿದರೆ ಹತ್ತರಲ್ಲಿ ನಾಲ್ಕು ಪಾಲು ಉಳಿದು ಆರು ಪಾಲು ಹೋಗುತ್ತದೆ. ಬೇಡ ಉಳಿದರೆ ಲಿಂಗ ಇಲ್ಲ, ಲಿಂಗ ಉಳಿದರೆ ಬೇಡ ಇಲ್ಲ. ಯಾರಿಗೋ ಕಣ್ಣು ಕೊಡುತ್ತಿದ್ದಾನೆ ಎಂಬುದೇ ತಪ್ಪಿಹೋದರೆ ಉಳಿಯುವುದು ಒಂದು ಮುಖದ ನೋವು.

ಹಾಲಿವುಡ್ಡನ್ನು ಮೆಚ್ಚಿ ಅದರ ಹಳೆಯ ಚಿತ್ರಗಳನ್ನೂ ಕೂಡಿಡುವ ಗೆಳೆಯರು ನಮ್ಮಲ್ಲಿದ್ದಾರೆ. ಅವರು ಅಲ್ಲಿಂದ ತಾರೆಯರ ಮುಖ ತಂದರು, ಪದ್ಧತಿ ತರಲಿಲ್ಲ. ಅಲ್ಲಿನ ದೊಡ್ಡ ಸ್ಟುಡಿಯೋಗಳ ಸ್ಟಿಲ್ಲಿನ ಕೆಳಮೂಲೆಯಲ್ಲಿ ಚಿತ್ರದ ಸಂಖ್ಯೆ, ಸ್ಟಿಲ್ಲಿನ ಸಂಖ್ಯೆ ಇರುತ್ತಿತ್ತು. ಬೆನ್ನಿಗೆ ವಿವರದ ಚೀಟಿ ಅಂಟಿಸುತ್ತಿದ್ದರು. ಲಾನ್ ಚೇನಿ ನಟಿಸಿದ 1927ರ ‘ಲಂಡನ್ ಆಫ್ಟರ್ ಮಿಡ್‌ನೈಟ್’ ಚಿತ್ರದ ಕೊನೆಯ ಪ್ರಿಂಟು 1965ರಲ್ಲಿ ಎಂಜಿಎಂ ಉಗ್ರಾಣದ ಬೆಂಕಿಯಲ್ಲಿ ಸುಟ್ಟಿತೆನ್ನುತ್ತಾರೆ. 2002ರಲ್ಲಿ ಬರೀ ಸ್ಟಿಲ್ಲುಗಳನ್ನು ಚಿತ್ರಕತೆಯ ಕ್ರಮದಲ್ಲಿ ಜೋಡಿಸಿ ಅದರ ಕತೆಯನ್ನು ಮತ್ತೆ ತೆರೆಗೆ ತಂದರು. ಅಲ್ಲೂ ಕಳೆದದ್ದು ಕಡಿಮೆಯೇನಲ್ಲ: 1912ರಿಂದ 1929ರವರೆಗಿನ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಉಳಿದದ್ದು ನೂರಕ್ಕೆ 14 ಎಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿತು. ಆದರೆ ಎಣಿಸಲಿಕ್ಕೆ ಅವರ ಹತ್ತಿರ ಲೆಕ್ಕವಿತ್ತು. ಜಾನ್ ಕೊಬಾಲ್ ಎಂಬ ಸಂಗ್ರಾಹಕ ಸ್ಟಿಲ್ಲುಗಳನ್ನು ಗುಡ್ಡೆ ಹಾಕಿ ಸುಮ್ಮನಾಗಲಿಲ್ಲ. ಜಾರ್ಜ್ ಹರೆಲ್‌ನಂಥ ಫೋಟೋಗ್ರಾಫರುಗಳನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ, ಚಿತ್ರಗಳಿಗೆ ಅವರ ಹೆಸರು ಮರಳಿಸಿದ. ನನ್ನ ಮಟ್ಟಿಗೆ ಸಂಗ್ರಾಹಕ ಎಂದರೆ ಅವನು.

ಈ ಹಂಚಿಕೆಯನ್ನು ‘ಜನರ ಪತ್ರಾಗಾರ’ ಎಂದು ಹೊಗಳುವ ವಿಮರ್ಶಕರೊಂದಿಗೆ ನನ್ನ ಜಗಳ ಹಳೆಯದು. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟುವ ಹೊತ್ತಿಗೆ ನಮ್ಮದು ಎಷ್ಟೋ ಹೋಗಿತ್ತು, ಸರ್ಕಾರ ಮಾಡದ್ದನ್ನು ಜನ ಮಾಡುತ್ತಿದ್ದಾರೆ, ವಿವರ ಕೇಳಿ ಅವರ ಉತ್ಸಾಹ ಮುರಿಯಬೇಡಿ ಎಂಬುದು ಅವರ ವಾದ. ಅರ್ಧ ಒಪ್ಪುತ್ತೇನೆ. ನಟಿ ಬಿ. ಜಯಮ್ಮನವರ ಮುಖವನ್ನು ಇಪ್ಪತ್ತರ ಹುಡುಗಿಯೊಬ್ಬಳು ಗುರುತಿಸಿದರೆ ಅದು ಈ ಹಂಚಿಕೆಯ ಪುಣ್ಯವೇ. ಆದರೆ ಜನರಿಗೆ ವಿವರ ಬೇಡ ಎಂದು ತೀರ್ಮಾನಿಸುವುದು ಜನರ ಮೇಲಿನ ಗೌರವವಲ್ಲ. ಟೆಂಟಿನಲ್ಲಿ ಹಾಡಿನ ಪುಸ್ತಕ ಕೊಂಡವರು ನಟರ ಪಟ್ಟಿಯನ್ನು ಬಾಯಿಪಾಠ ಹೇಳುತ್ತಿದ್ದರು. ವಿವರದ ಹಸಿವು ಇಲ್ಲಿ ಎಂದೂ ಕಡಿಮೆಯಿರಲಿಲ್ಲ.

ಇದೇ ವಿಮರ್ಶಕರು ತಿಪಟೂರಿನ ನರಸಿಂಹರಾಜು ಅವರ ತುಣುಕುಗಳಿಗೆ ‘ಕನ್ನಡದ ಚಾಪ್ಲಿನ್’ ಎಂಬ ಅಡಿಬರಹವನ್ನು ಮೆಚ್ಚುತ್ತಾರೆ. ಚಾಪ್ಲಿನ್ ಮಾತಿಲ್ಲದೆ ಮೈಯಿಂದ ನಗಿಸಿದವನು. ನರಸಿಂಹರಾಜು ಕಂಪನಿ ನಾಟಕದ ಮಾತಿನ ಗರಡಿಯಲ್ಲಿ ಪಳಗಿದವರು. ‘ಬೇಡರ ಕಣ್ಣಪ್ಪ’ದಲ್ಲಿ ಅರ್ಚಕನ ಮಗ ಕಾಶಿಯಾಗಿ ಅವರು ಮಾತನ್ನು ಎಲ್ಲಿ ತಡೆದು ಎಲ್ಲಿ ಬಿಡುತ್ತಾರೆ ಎಂಬುದರಲ್ಲೇ ನಗೆಯಿದೆ. ಹಂಚುವವರು ಆ ಧ್ವನಿಯನ್ನು ತೆಗೆದು ಯಾವುದೋ ಪಿಯಾನೋ ಸೇರಿಸುತ್ತಾರೆ. ಅಡಿಬರಹವನ್ನು ನಿಜ ಮಾಡಲಿಕ್ಕೆ ನಟನ ನಾಲಿಗೆಯನ್ನೇ ಕತ್ತರಿಸಿದ ಹಾಗಾಯಿತು. ಹೋಲಿಕೆಯ ಗೌರವಕ್ಕಾಗಿ ಗುಬ್ಬಿ, ತಿಪಟೂರುಗಳ ಒಂದಿಡೀ ರಂಗಪಾಠವನ್ನು ಬಿಟ್ಟುಕೊಡಲು ನಾನು ತಯಾರಿಲ್ಲ.

ನಾನೂ ಈ ಹುಚ್ಚಿನವನೇ. ಕೆಟ್ಟ ಬಲ್ಬಿಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ರೀಲಿನ ತುಂಡುಗಳನ್ನು ಪಂಚೆಯ ಮೇಲೆ ಬಿಡುತ್ತಿದ್ದ ಹುಡುಗರ ಪೈಕಿ. ನಮ್ಮ ಸೋದರಮಾವನ ಟ್ರಂಕಿನಲ್ಲಿ ನಾಟಕ ಕಂಪನಿಯೊಂದರ ಗುಂಪಿನ ಫೋಟೋ ಇತ್ತು. ಹಿಂದೆ ಪೆನ್ಸಿಲಿನಲ್ಲಿ ಎಡದಿಂದ ಬಲಕ್ಕೆ ಹೆಸರುಗಳು. ಚೆನ್ನಾಗಿರಲಿ ಎಂದು ನಾನೇ ಅದನ್ನು ಮೈದಾ ಅಂಟು ಹಚ್ಚಿ ಆಲ್ಬಮ್ಮಿಗೆ ಅಂಟಿಸಿದೆ. ಮಾವ ಈಗಿಲ್ಲ. ಫೋಟೋದಲ್ಲಿ ಹನ್ನೊಂದು ಮಂದಿ ಇದ್ದಾರೆ, ನನಗೆ ಗೊತ್ತಿರುವುದು ನಾಲ್ವರು. ಉಳಿದ ಏಳು ಹೆಸರು ಆ ಅಂಟಿನ ಕೆಳಗಿವೆ. ಬಿಡಿಸಲು ಹೋದರೆ ಕಾಗದ ಹರಿಯುತ್ತದೆ.