‘ಚಿಕವೀರ ರಾಜೇಂದ್ರ’ದಲ್ಲಿ ಶರಣಾಗತರು

ಅಮರಸುಳ್ಯ, ಪುತ್ತೂರು ಮಾಗಣೆಗಳು 1834ರ ವರೆಗೆ ಕೊಡಗಿನ ಅರಸರಿಗೆ ಸೇರಿದ್ದುದರಿಂದ ಮಾಸ್ತಿಯವರ ಈ ಕಾದಂಬರಿಯು (1956) ನಮ್ಮ ಸೀಮೆಯ ಕಥೆಯೂ ಆಗಿದೆ. 1832ರಲ್ಲಿ ಅರಸನ ತಂಗಿ ದೇವಮ್ಮಾಜಿಯೂ ಆಕೆಯ ಪತಿ ಚೆನ್ನಬಸವಯ್ಯನೂ ಕಂಪೆನಿಯ ಆಡಳಿತದಲ್ಲಿದ್ದ ಮೈಸೂರಿಗೆ ಓಡಿಹೋದರು. ಅವರನ್ನು ತನಗೊಪ್ಪಿಸಬೇಕೆಂದು ಅರಸನು ಹಿಡಿದ ಹಟವು 1834ರ ಯುದ್ಧಕ್ಕೆ ಒಂದು ಕಾರಣವಾಯಿತು.

ಮಾಸ್ತಿಯವರು ಚೆನ್ನಬಸವಯ್ಯನನ್ನು ನಿಸ್ಪೃಹನೆಂದಾಗಲಿ ಕಂಪೆನಿಯನ್ನು ನಿಃಸ್ವಾರ್ಥಿಯೆಂದಾಗಲಿ ಚಿತ್ರಿಸಿಲ್ಲ. ಆದರೂ ಬೆನ್ನಟ್ಟುವವನ ಕ್ರೌರ್ಯವನ್ನು ಮರೆಮಾಡಿಲ್ಲ. ಇದೇ ಕೃತಿಯ ಹಿರಿಮೆ. ಶರಣಾಗತನಲ್ಲಿ ದೋಷವಿದ್ದರೂ ಅವನನ್ನು ತ್ಯಜಿಸಲಾಗದೆಂಬುದು ವಿಭೀಷಣನ ಪ್ರಸಂಗದಲ್ಲಿ ಶ್ರೀರಾಮನ ನಿರ್ಣಯವಷ್ಟೆ. ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಬಲ್ಗೇರಿಯದ ಸಾಹಿತಿ ಮಾರ್ಕೋವನು 1978ರಲ್ಲಿ ವಿಷಪ್ರಯೋಗದಿಂದ ಹತನಾದುದನ್ನು ನೆನೆದರೆ, ಗಡಿ ದಾಟಿದವನನ್ನೂ ಬಿಡದ ಪ್ರಭುತ್ವದ ಈ ಕಥೆಯು ಹಳತಾಗಿಲ್ಲವೆಂಬುದು ವಾಚಕರಿಗೆ ಮನವರಿಕೆಯಾಗದಿರದು.