ಗೆಡ್ಡೆ ತೆಗೆದರೆ ಮುಗಿಯಿತೆ?

ಗರ್ಭಕೋಶದ ಗೆಡ್ಡೆಗಳ ಬಗ್ಗೆ ಆರೋಗ್ಯ ಲೇಖನಗಳನ್ನು ನೀವು ಓದಿರಬಹುದು. ಅನೇಕವು ಶಸ್ತ್ರಚಿಕಿತ್ಸೆಯೊಂದಿಗೇ ಮುಗಿಯುತ್ತವೆ. ‘ಮಕ್ಕಳಾದ ಮೇಲೆ ಗರ್ಭಕೋಶವೇಕೆ?’ ಎಂಬ ಧೋರಣೆಯೂ ಕೆಲವುಗಳಲ್ಲಿ ಇಣುಕುತ್ತದೆ. ಇದು ಅವೈಜ್ಞಾನಿಕ.

ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲ. ತೊಂದರೆ ಕೊಡದಿದ್ದರೆ ಚಿಕಿತ್ಸೆಯೇ ಬೇಕಾಗದಿರಬಹುದು. ಬೇಕಾದಾಗಲೂ ಎಷ್ಟೋ ಸಲ ಗೆಡ್ಡೆಯನ್ನಷ್ಟೆ ತೆಗೆದು ಗರ್ಭಕೋಶವನ್ನು ಉಳಿಸಬಹುದು. ಮುಟ್ಟು ನಿಲ್ಲುವ ಮೊದಲೇ ಎರಡೂ ಅಂಡಾಶಯಗಳನ್ನು ತೆಗೆದರೆ ಈಸ್ಟ್ರೊಜನ್ ಥಟ್ಟನೆ ಕುಸಿಯುತ್ತದೆ. ಮೂಳೆ ಸವೆತ, ಹೃದ್ರೋಗಗಳ ಅಪಾಯ ಹೆಚ್ಚುತ್ತದೆ. ಕ್ಯಾನ್ಸರ್ ಇದ್ದಾಗ ಅದು ಅನಿವಾರ್ಯವಾಗಬಹುದು. ಆಗಲೂ ಮುಂದಿನ ಆರೈಕೆ ಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 3ರಷ್ಟು ಮಂದಿಗೆ ಗರ್ಭಕೋಶ ತೆಗೆಯಲಾಗಿತ್ತು. ಅವರ ಮುಂದಿನ ದಶಕಗಳ ಬಗ್ಗೆ ಒಂದು ಸಾಲೂ ಇಲ್ಲದ ಲೇಖನ ಅಪೂರ್ಣ. ಅಂಡಾಶಯದ ಪಾಠ ಮಾಡುವಾಗ ಮೂಳೆ, ಹೃದಯಗಳ ಮಾತನ್ನೂ ಸೇರಿಸಿ.