ಕರುವಿನ ಚರ್ಮದ ಪರ್ಸು

ಫಿಲಿಪ್ ಕೆ. ಡಿಕ್ 1968ರಲ್ಲಿ ಪ್ರಕಟಿಸಿದ ‘ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?’ ಕಾದಂಬರಿಯನ್ನು ಪಾಠ ಮಾಡುವ ಮೇಷ್ಟರಿಗೆ ಮೊದಲ ತೊಡಕು ‘ಬ್ಲೇಡ್ ರನ್ನರ್’. ರಿಡ್ಲಿ ಸ್ಕಾಟ್ 1982ರಲ್ಲಿ ತೆರೆಗೆ ತಂದ ಆ ಚಿತ್ರ ನೋಡಿ ಬಂದ ಹುಡುಗರು ಪುಸ್ತಕದಲ್ಲೂ ಮಳೆ, ನಿಯಾನ್ ದೀಪ ಹುಡುಕುತ್ತಾರೆ. ಸಿಗುವುದು ಬೆಳ್ಳಂಬೆಳಗ್ಗೆ ಗಂಡಹೆಂಡಿರ ಜಗಳ, ಮಹಡಿಯ ಮೇಲೊಂದು ವಿದ್ಯುತ್ ಕುರಿ, ಅದು ನಕಲಿ ಎಂಬ ಮುಜುಗರ. ಸಿನಿಮಾವನ್ನು ಕೊನೆಯ ತರಗತಿಗೆ ತಳ್ಳುವುದೇ ಲೇಸು.

ಮಹಾಯುದ್ಧದ ವಿಷಧೂಳು ಪ್ರಾಣಿಗಳನ್ನು ಬಹುಪಾಲು ಮುಗಿಸಿರುವ ಆ ಲೋಕದಲ್ಲಿ ಜೀವಂತ ಪ್ರಾಣಿ ಸಾಕುವುದೇ ದೊಡ್ಡಸ್ತಿಕೆ. ನಾಯಕ ರಿಕ್ ಡೆಕರ್ಡ್ ತಪ್ಪಿಸಿಕೊಂಡ ಆಂಡ್ರಾಯ್ಡ್‌ಗಳನ್ನು ಬೇಟೆಯಾಡುತ್ತಾನೆ. ತಲೆಗೆ 1000 ಡಾಲರ್ ಇನಾಮು. ಮೂರು ತಲೆಗಳ ದುಡ್ಡು ಮೇಕೆಗೆ ಮುಂಗಡವಾಗುತ್ತದೆ, ಉಳಿದದ್ದು ಕಂತು. ಅನುಕಂಪವೂ ಸಾಲದ ಮೇಲೆ!

ಪಾಠದ ತಿರುಳಿರುವುದು ವಾಯ್ಟ್-ಕಾಂಫ್ ಪರೀಕ್ಷೆಯಲ್ಲಿ. ಎದುರಿನವರು ಮನುಷ್ಯರೋ ಅಲ್ಲವೋ ಎಂದು ತಿಳಿಯಲು ಪ್ರಶ್ನೆ ಕೇಳುತ್ತ, ಕೆನ್ನೆ ಕೆಂಪೇರುವುದನ್ನೂ ಕಣ್ಣಿನ ಸ್ನಾಯುಗಳ ಬಿಗಿತವನ್ನೂ ಯಂತ್ರದಲ್ಲಿ ಅಳೆಯುತ್ತಾರೆ. ಹುಟ್ಟುಹಬ್ಬಕ್ಕೆ ಕರುವಿನ ಚರ್ಮದ ಪರ್ಸು ಕೊಟ್ಟರೆ ಏನು ಮಾಡುತ್ತೀರಿ? ಪರೀಕ್ಷೆಗೆ ಕೂತ ರೇಚಲ್ ರೋಸನ್ ತೆಗೆದುಕೊಳ್ಳುವುದಿಲ್ಲ, ಪೊಲೀಸರಿಗೆ ದೂರು ಕೊಡುತ್ತೇನೆ ಎನ್ನುತ್ತಾಳೆ. ಉತ್ತರ ಸರಿ. ಕೊನೆಗೆ ಡೆಕರ್ಡ್ ತನ್ನ ಬ್ಯಾಗನ್ನು ಸವರುತ್ತ, ಇದು ಎಳೆಗೂಸಿನ ಚರ್ಮದ್ದು ಎನ್ನುತ್ತಾನೆ. ಮುಳ್ಳು ಅಲುಗುತ್ತದೆ, ಆದರೆ ಒಂದು ಗಳಿಗೆ ತಡವಾಗಿ. ಸಿಕ್ಕಿಬಿದ್ದಳು.

ಇದೇ ಪ್ರಶ್ನೆಗಳನ್ನು ತರಗತಿಯಲ್ಲಿ ಕೇಳಿನೋಡಬೇಕು. ಚರ್ಮದ ಪರ್ಸನ್ನು ಜೇಬಿನಲ್ಲೇ ಇಟ್ಟುಕೊಂಡವರು ಆ ಉಡುಗೊರೆಗೆ ಥ್ಯಾಂಕ್ಸ್ ಹೇಳುತ್ತಾರೆ, ಕೈ ಮೇಲೆ ಕಣಜ ಹರಿದರೆ ಹೊಡೆದುಹಾಕುತ್ತಾರೆ. ಡಿಕ್‌ನ ಲೆಕ್ಕದಲ್ಲಿ ಇಡೀ ತರಗತಿ ನಪಾಸು, ಮೇಷ್ಟರೂ ಸೇರಿ. ‘ಮನುಷ್ಯ ಎಂದರೇನು’ ಎಂಬ ಸವಕಲು ಪ್ರಬಂಧಕ್ಕಿಂತ ಈ ಇರಿಸುಮುರಿಸು ಹೆಚ್ಚು ಕೆಲಸ ಮಾಡುತ್ತದೆ.

ಕಾದಂಬರಿಯ ಬೇರು ಯಂತ್ರದಲ್ಲಿಲ್ಲ. ತನ್ನ ಹಿಂದಿನ ಕಾದಂಬರಿ ‘ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್’ಗಾಗಿ ಡಿಕ್ ಬರ್ಕ್‌ಲಿಯಲ್ಲಿ ನಾಜಿ ದಾಖಲೆಗಳನ್ನು ಓದಿದ್ದ. ಹಸಿದ ಮಕ್ಕಳ ಅಳುವಿನಿಂದ ರಾತ್ರಿ ನಿದ್ದೆಗೆಟ್ಟಿತೆಂದು ಎಸ್‌ಎಸ್ ಅಧಿಕಾರಿಯೊಬ್ಬ ದಿನಚರಿಯಲ್ಲಿ ಗೊಣಗಿದ್ದು ಅವನನ್ನು ಕಾಡಿತು. ಡಿಕ್‌ಗೆ ಆಂಡ್ರಾಯ್ಡ್ ಎಂದರೆ ಅಂಥ ಮನುಷ್ಯ. ಪ್ರಿಸ್ ಎಂಬ ಆಂಡ್ರಾಯ್ಡ್, ನಾಲ್ಕೇ ಕಾಲಿನಲ್ಲಿ ನಡೆದೀತೇ ನೋಡೋಣ ಎಂದು ಜೇಡದ ಕಾಲುಗಳನ್ನು ಕತ್ತರಿಯಿಂದ ಒಂದೊಂದಾಗಿ ಕತ್ತರಿಸುವ ಪುಟ ಓದಿದಾಗ ಇದು ಅರಿವಾಗುತ್ತದೆ.

ಆದರೆ ವಿದ್ಯಾರ್ಥಿಗಳ ಪರೀಕ್ಷೆಯಲ್ಲಿ ಕೇಳಬೇಕಾದ ಪ್ರಶ್ನೆ ಪ್ರಿಸ್ ಕುರಿತಲ್ಲ, ಫಿಲ್ ರೆಶ್ ಕುರಿತು. ಆಂಡ್ರಾಯ್ಡ್ ಅಪೆರಾ ಗಾಯಕಿ ಲೂಬಾ ಲುಫ್ಟ್‌ಗೆ ಲಿಫ್ಟಿನೊಳಗೆ ಹಿಂದುಮುಂದು ನೋಡದೆ ಲೇಸರ್ ಹಾರಿಸುವ ಈ ಬೇಟೆಗಾರ ಆಂಡ್ರಾಯ್ಡೇ ಇರಬೇಕೆಂದು ಡೆಕರ್ಡ್‌ಗೆ ಗುಮಾನಿ. ಪರೀಕ್ಷಿಸಿದರೆ ಮನುಷ್ಯನೆಂದೇ ಫಲಿತಾಂಶ. ಮನೆಯಲ್ಲಿ ಅವನೊಂದು ಅಳಿಲನ್ನೂ ಮುದ್ದಿನಿಂದ ಸಾಕಿದ್ದಾನೆ.